ಟಿಕೆಟ್ ಇಲ್ಲದ ಸಿನಿಮಾ ಹಬ್ಬ



ಸಿನಿಮಾ ಹಬ್ಬ ಅಂದ್ರೆ ಏನು ಅಂತ ಕೇರಳದಲ್ಲಿರೋ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಡಿಸೆಂಬರಿನಲ್ಲಿ ತಿರುವನಂತಪುರದಲ್ಲಿ ಐ.ಎಫ್.ಎಫ್.ಕೆ. ನಡೆಯುತ್ತೆ. ಕೊರಳಿಗೆ ಪಾಸ್ ಹಾಕಿಕೊಂಡ ಹುಡುಗ ಹುಡುಗಿಯರ ಸಾಲನ್ನು ಟಿವಿಯವರು ತೋರಿಸ್ತಾರೆ. ಅದು ಸರ್ಕಾರದ ಹಬ್ಬ. ಅದಕ್ಕೆ ಅಕಾಡೆಮಿ ಇದೆ, ಬಜೆಟ್ ಇದೆ, ದೀಪ ಹಚ್ಚೋಕೆ ಮಂತ್ರಿಗಳಿದ್ದಾರೆ. ಈ ಸ್ಮರಣ ಸಂಚಿಕೆಗೆ ನಾನು ಬರೆಯಲು ಆರಿಸಿಕೊಂಡಿದ್ದು ಬೇರೆ ಒಂದು ಹಬ್ಬದ ಚರಿತ್ರೆ. ಅದರಲ್ಲಿ ಮಂತ್ರಿಗಳಿಲ್ಲ, ಟಿಕೆಟ್ ಇಲ್ಲ, ಸಂಬಳ ತಗೊಳ್ಳೋರು ಇಲ್ಲ. ಬೆಂಗಳೂರು ಕ್ವಿಯರ್ ಫಿಲ್ಮ್ ಫೆಸ್ಟಿವಲ್ ಅಂತ ಅದರ ಹೆಸರು. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಹುಟ್ಟಿದಾಗ ಬೇರೆಯವರು ಬರೆದ ಲಿಂಗವನ್ನು ಒಪ್ಪದ ಟ್ರಾನ್ಸ್ ಜನ, ಇವರೆಲ್ಲರ ಬದುಕಿನ ಸಿನಿಮಾಗಳನ್ನು ಅಲ್ಲಿ ತೋರಿಸ್ತಾರೆ.

ದಲಿತ ಯುವಕರ ಸಂಘದ ವಾರ್ಷಿಕೋತ್ಸವಕ್ಕೂ ಇದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಎರಡು ಇವೆ. ಒಂದು, ಹಣವಿಲ್ಲದ, ಜಾಗವಿಲ್ಲದ, ಹೆಸರು ಹೇಳಿಕೊಳ್ಳೋಕೂ ಹೆದರಬೇಕಾದ ಜನ ಸೇರಿ ಒಂದು ಹಬ್ಬವನ್ನು ವರ್ಷ ವರ್ಷ ಹೇಗೆ ನಡೆಸಿದರು ಅನ್ನೋದು ನಮ್ಮಂಥ ಸಂಘಕ್ಕೆ ತಿಳಿದಿರಬೇಕಾದ ವಿಷಯ. ಎರಡನೆಯದು ಮುತ್ತಂಗದ ಕಾಡಿನ ಮೂಲಕ ಬರುತ್ತೆ. ಅದನ್ನು ಮುಂದೆ ಹೇಳ್ತೀನಿ.

ಮೊದಲು 'ಕ್ವಿಯರ್' ಅನ್ನೋ ಪದ. ಇಂಗ್ಲಿಷಿನಲ್ಲಿ ಇದು ಬೈಗುಳವಾಗಿತ್ತು. ವಿಚಿತ್ರ, ಕೆಟ್ಟದ್ದು ಅನ್ನೋ ಅರ್ಥದಲ್ಲಿ ಇಂಥವರ ಬೆನ್ನ ಹಿಂದೆ ಎಸೆಯುತ್ತಿದ್ದ ಕಲ್ಲು. ಆ ಜನ ಅದೇ ಕಲ್ಲನ್ನು ಎತ್ತಿಕೊಂಡು ನಮ್ಮ ಹೆಸರೇ ಇದು ಅಂದರು. ನಮಗೆ ಇದು ಹೊಸದೇನಲ್ಲ. 'ದಲಿತ' ಅಂದರೆ ತುಳಿಯಲ್ಪಟ್ಟವನು. 1972ರಲ್ಲಿ ಮುಂಬಯಿಯ ದಲಿತ್ ಪ್ಯಾಂಥರ್ಸ್, ಅದರ ನಂತರ ಕರ್ನಾಟಕದ ದಲಿತ ಸಂಘರ್ಷ ಸಮಿತಿ, ಆ ಪದವನ್ನು ತಲೆ ಎತ್ತಿ ಹೇಳುವ ಪದ ಮಾಡಿದವು. ನಮ್ಮ ಸಂಘದ ಬೋರ್ಡಿನ ಮೇಲೂ ಅದೇ ಪದ ಇದೆ. ಕನ್ನಡದಲ್ಲಿ ಲೈಂಗಿಕ ಅಲ್ಪಸಂಖ್ಯಾತರು ಅಂತ ಪತ್ರಿಕೆಗಳು ಬರೆಯುತ್ತವೆ. ಸರಿಯಾದ ಪದವೇ, ಆದರೆ ಸರ್ಕಾರಿ ಕಾಗದದ ವಾಸನೆ ಇದೆ.

ಹಬ್ಬ ಶುರುವಾಗುವ ಮುಂಚಿನ ಬೆಂಗಳೂರನ್ನು ಸ್ವಲ್ಪ ನೋಡೋಣ. 1994ರಲ್ಲಿ ಅಲ್ಲಿ 'ಗುಡ್ ಆಸ್ ಯೂ' ಅನ್ನೋ ಒಂದು ಗುಂಪು ಹುಟ್ಟಿತು. ನಿಮ್ಮಷ್ಟೇ ಒಳ್ಳೆಯವರು ನಾವು ಅಂತ ಅದರ ಅರ್ಥ. ಗುರುವಾರ ಸಂಜೆ ಸೇರುವುದು, ಮಾತಾಡುವುದು, ಮನೆಗೆ ಹೋಗುವುದು, ಇಷ್ಟೇ ಕೆಲಸ. ಮಾತಾಡೋದು ಒಂದು ಕೆಲಸವಾ ಅಂತ ಅನ್ನಿಸಬಹುದು. ಆದರೆ ಆಗ 1860ರ ಬ್ರಿಟಿಷ್ ಕಾನೂನು, ದಂಡ ಸಂಹಿತೆಯ ಸೆಕ್ಷನ್ 377, ಇಂಥವರ ಪ್ರೀತಿಯನ್ನೇ ಅಪರಾಧ ಮಾಡಿತ್ತು. ಹತ್ತು ವರ್ಷದ ತನಕ ಜೈಲು, ಇಲ್ಲವೇ ಜೀವಾವಧಿ ಶಿಕ್ಷೆ. ಕೋರ್ಟಿನ ತನಕ ಹೋದ ಕೇಸುಗಳಿಗಿಂತ ಪಾರ್ಕಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಹೆದರಿಸಿ ದುಡ್ಡು ಕಿತ್ತುಕೊಂಡದ್ದೇ ಜಾಸ್ತಿ. ಪಿ.ಯು.ಸಿ.ಎಲ್. ಕರ್ನಾಟಕ ಘಟಕ 2001ರಲ್ಲಿ ಒಂದು ವರದಿ, 2003ರಲ್ಲಿ ಹಿಜಡಾ ಮತ್ತು ಕೋತಿ ಸಮುದಾಯದವರ ಮೇಲಿನ ದೌರ್ಜನ್ಯದ ಬಗ್ಗೆ ಇನ್ನೊಂದು ವರದಿ ಹೊರತಂದಿತು. ಪೊಲೀಸ್ ಠಾಣೆಯಲ್ಲಿ, ಮನೆಯಲ್ಲಿ, ಆಸ್ಪತ್ರೆಯಲ್ಲಿ ಏನೇನು ನಡೆಯಿತು ಅಂತ ಅದರಲ್ಲಿದೆ. ಓದಿದರೆ ನಮ್ಮ ಹಿರಿಯರು ಹೇಳೋ ಜನ್ಮಿಗಳ ಕಾಲದ ಕಥೆಗಳು ನೆನಪಾಗುತ್ತವೆ.

1999ರಲ್ಲಿ 'ಸಂಗಮ' ಅನ್ನೋ ಸಂಸ್ಥೆ ಬೆಂಗಳೂರಿನಲ್ಲಿ ಶುರುವಾಯಿತು. ಇಂಗ್ಲಿಷ್ ಬಾರದ, ಬಡ, ಬೀದಿಯಲ್ಲಿ ಬದುಕುವ ಹಿಜಡಾಗಳು, ಕೋತಿಗಳ ಕಡೆ ಅದು ಹೆಚ್ಚು ಗಮನ ಕೊಟ್ಟಿತು. ಅದೇ ಹೊತ್ತಿಗೆ 'ಸ್ವಭಾವ' ಅನ್ನೋ ಟ್ರಸ್ಟ್ ಬಂತು. 'ಸಹಾಯ' ಅನ್ನೋ ಹೆಲ್ಪ್‌ಲೈನ್ ನಡೆಸಿತು. ಫೋನ್ ಮಾಡಿ ಹೆಸರು ಹೇಳದೆ ಮಾತಾಡಬಹುದಿತ್ತು.

ಸಿನಿಮಾ ಕಡೆ ಏನಾಗಿತ್ತು? 1998ರ ನವೆಂಬರಿನಲ್ಲಿ ದೀಪಾ ಮೆಹ್ತಾ ಅವರ 'ಫೈರ್' ಬಿಡುಗಡೆಯಾಯಿತು. ಒಂದೇ ಮನೆಯ ಇಬ್ಬರು ಸೊಸೆಯಂದಿರು ಒಬ್ಬರನ್ನೊಬ್ಬರು ಪ್ರೀತಿಸುವ ಕಥೆ, ಶಬಾನಾ ಆಜ್ಮಿ ಮತ್ತು ನಂದಿತಾ ದಾಸ್ ನಟನೆ. ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕಿದ ಸಿನಿಮಾನೇ. ಆದರೂ ಡಿಸೆಂಬರಿನಲ್ಲಿ ಮುಂಬಯಿ, ದೆಹಲಿಯ ಥಿಯೇಟರುಗಳಿಗೆ ನುಗ್ಗಿ ಗಾಜು ಒಡೆದರು, ಪೋಸ್ಟರ್ ಸುಟ್ಟರು. ಸಿನಿಮಾ ಮತ್ತೆ ಸೆನ್ಸಾರಿಗೆ ಹೋಗಿ 1999ರಲ್ಲಿ ತೆರೆಗೆ ವಾಪಸ್ ಬಂತು. 2003ರಲ್ಲಿ ಶ್ರೀಧರ್ ರಂಗಯನ್ ಮಾಡಿದ 'ಗುಲಾಬಿ ಆಯ್ನಾ'ಕ್ಕೆ ಸರ್ಟಿಫಿಕೇಟೇ ಸಿಗಲಿಲ್ಲ. ಅಂದರೆ ಇಂಥ ಕಥೆಗೆ ಥಿಯೇಟರ್ ಬಾಗಿಲು ಎರಡು ಕಡೆಯಿಂದ ಮುಚ್ಚಿತ್ತು. ಒಂದು ಕಡೆ ಮಂಡಳಿ, ಇನ್ನೊಂದು ಕಡೆ ದೊಣ್ಣೆ.

ಹಾಗಾದರೆ ಎಲ್ಲಿ ನೋಡೋದು? ಯಾರದೋ ರೂಮಿನಲ್ಲಿ, ಕರ್ಟನ್ ಎಳೆದು, ಕೈಯಿಂದ ಕೈಗೆ ಬಂದ ಕ್ಯಾಸೆಟ್ಟಿನಲ್ಲಿ, ಸಿ.ಡಿ.ಯಲ್ಲಿ. ದೇಶದಲ್ಲಿ ಇಂಥ ಚಿತ್ರೋತ್ಸವಗಳ ಬೇರು ಇಂಥ ರೂಮುಗಳಲ್ಲೇ ಇದೆ. 2003ರಲ್ಲಿ ಮುಂಬಯಿಯಲ್ಲಿ 'ಲರ್ಜಿಶ್' ನಡೆಯಿತು. 2007ರಿಂದ ಕೋಲ್ಕತ್ತಾದಲ್ಲಿ 'ಡೈಲಾಗ್ಸ್'. 2010ರಿಂದ ಮುಂಬಯಿಯಲ್ಲಿ 'ಕಶಿಶ್', ಅದು ದೊಡ್ಡದು, ಮಲ್ಟಿಪ್ಲೆಕ್ಸಿನಲ್ಲಿ, ಕೇಂದ್ರ ವಾರ್ತಾ ಇಲಾಖೆಯ ಅನುಮತಿ ಪಡೆದು, ಪ್ರಾಯೋಜಕರ ಜೊತೆ ನಡೆದದ್ದು. ಬೆಂಗಳೂರಿನದು ಬೇರೆ ದಾರಿ ಹಿಡಿಯಿತು.

2008ರ ಜೂನ್ 29ರಂದು ಬೆಂಗಳೂರಿನಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಅದೇ ದಿನ ದೆಹಲಿ, ಕೋಲ್ಕತ್ತಾದಲ್ಲೂ ನಡೆಯಿತು. ಕೆಲವರು ಮುಖವಾಡ ಹಾಕಿಕೊಂಡು ನಡೆದರು, ಮನೆಯವರು ಟಿವಿಯಲ್ಲಿ ನೋಡಿಬಿಟ್ಟರೆ ಅನ್ನೋ ಭಯಕ್ಕೆ. ಚಿತ್ರೋತ್ಸವ ಹುಟ್ಟಿದ್ದು ಇದೇ ಹೊತ್ತಿನಲ್ಲಿ, 2008ರ ಸುಮಾರಿಗೆ. ಗುಡ್ ಆಸ್ ಯೂ, ಸ್ವಭಾವ, ಜೊತೆಗೆ ಹೆಣ್ಣುಮಕ್ಕಳ ಚಿಕ್ಕ ಗುಂಪುಗಳು, ಇವೆಲ್ಲ ಸೇರಿ ಕಟ್ಟಿದರು. ಸಂಘಟಕರು ಎಲ್ಲರೂ ಸ್ವಯಂಸೇವಕರು. ಹಗಲು ಬೇರೆ ಕೆಲಸ, ರಾತ್ರಿ ಮತ್ತು ಭಾನುವಾರ ಹಬ್ಬದ ಕೆಲಸ. ಪ್ರವೇಶ ಉಚಿತ, ಹೆಸರು ನೋಂದಾಯಿಸಿದರೆ ಸಾಕು. ಖರ್ಚು ಜನರ ದೇಣಿಗೆಯಿಂದ.

ಕೇರಳದವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ. ಜಾನ್ ಅಬ್ರಹಾಂ ಅವರ ಒಡೆಸ್ಸಾ ಗುಂಪು ನಿಮಗೆ ಗೊತ್ತಿರುತ್ತೆ. 1980ರ ದಶಕದಲ್ಲಿ ಊರೂರಿಗೆ ಹೋಗಿ ಸಿನಿಮಾ ತೋರಿಸಿ, ಜನರಿಂದ ಚಿಲ್ಲರೆ ಚಿಲ್ಲರೆಯಾಗಿ ದುಡ್ಡು ಕೂಡಿಸಿ, 1986ರಲ್ಲಿ 'ಅಮ್ಮ ಅರಿಯಾನ್' ಮಾಡಿದರು. ಸತ್ತ ಗೆಳೆಯನ ಸುದ್ದಿಯನ್ನು ಅವನ ತಾಯಿಗೆ ಮುಟ್ಟಿಸಲು ಹೊರಟ ಆ ಸಿನಿಮಾದ ಪಯಣ ಶುರುವಾಗೋದೇ ನಮ್ಮ ವಯನಾಡಿನಿಂದ. ಪ್ರೊಡ್ಯೂಸರ್ ಇಲ್ಲದೆ ಸಿನಿಮಾ ಆಗಬಹುದು ಅಂತ ಒಡೆಸ್ಸಾ ತೋರಿಸಿತು. ಪ್ರೊಡ್ಯೂಸರ್ ಇಲ್ಲದೆ ಚಿತ್ರೋತ್ಸವ ಆಗಬಹುದು ಅಂತ ಬೆಂಗಳೂರಿನವರು ತೋರಿಸಿದರು.

ಇಂಥ ಹಬ್ಬದ ಒಳಗಿನ ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ಹೊರಗಿನಿಂದ ನೋಡಿದವರಿಗೆ ಕತ್ತಲೆ, ಪರದೆ, ಚಪ್ಪಾಳೆ ಇಷ್ಟೇ ಕಾಣುತ್ತೆ. ಮೊದಲು ಸಿನಿಮಾ ಕೇಳಿ ಪಡೆಯಬೇಕು. ಒಂದೊಂದು ಸಿನಿಮಾದ ನಿರ್ದೇಶಕರಿಗೆ, ವಿತರಕರಿಗೆ ಬರೆಯಬೇಕು, ನಮ್ಮ ಹತ್ತಿರ ದುಡ್ಡಿಲ್ಲ, ಬಿಟ್ಟಿಯಾಗಿ ಕೊಡ್ತೀರಾ ಅಂತ. ಕೆಲವರು ಕೊಡ್ತಾರೆ, ಕೆಲವರು ಬಾಡಿಗೆ ಕೇಳ್ತಾರೆ. ಬಂದದ್ದನ್ನೆಲ್ಲ ಒಂದು ಗುಂಪು ಕೂತು ನೋಡಿ ಜಗಳವಾಡಿ ಆರಿಸುತ್ತೆ. ನಂತರ ಸೆನ್ಸಾರ್ ಪ್ರಶ್ನೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಸರ್ಟಿಫಿಕೇಟ್ ಬೇಕು. ಚಿತ್ರೋತ್ಸವಗಳು ವಿನಾಯಿತಿ ಕೇಳಬಹುದು. ಚಿಕ್ಕ ಕೂಟಗಳು ಹೆಸರು ನೋಂದಾಯಿಸಿದವರಿಗಷ್ಟೇ ತೋರಿಸೋ ಖಾಸಗಿ ಪ್ರದರ್ಶನದ ದಾರಿ ಹಿಡಿಯುತ್ತವೆ. ಇದೆಲ್ಲ ಆದ ಮೇಲೆ ಹಾಲ್.

ಹಾಲ್ ಸಿಗೋದೇ ಕಷ್ಟ. ಯಾವ ಕಲ್ಯಾಣ ಮಂಟಪದ ಮಾಲೀಕರು ಕೊಡ್ತಾರೆ ಹೇಳಿ? ಬೆಂಗಳೂರಿನಲ್ಲಿ ಎರಡು ಬಾಗಿಲು ತೆರೆದವು. ಒಂದು ವಸಂತನಗರದ ಅಲಯನ್ಸ್ ಫ್ರಾಂಸೇಸ್, ಇನ್ನೊಂದು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ. ಒಂದು ಫ್ರೆಂಚ್ ಕಲಿಸೋ ಕಡೆ, ಒಂದು ಜರ್ಮನ್ ಕಲಿಸೋ ಕಡೆ. ಕನ್ನಡ ನಾಡಿನ ರಾಜಧಾನಿಯಲ್ಲಿ ಕನ್ನಡ ನಾಡಿನ ಮಕ್ಕಳಿಗೆ ಕೂರೋಕೆ ಕುರ್ಚಿ ಸಿಕ್ಕಿದ್ದು ಪರದೇಶದವರ ಮನೆಯಲ್ಲಿ! ಇದು ನಗೋ ವಿಷಯವೂ ಹೌದು, ನಾಚಿಕೆಯ ವಿಷಯವೂ ಹೌದು.

ಹಾಲ್ ಸಿಕ್ಕಿದ ಮೇಲೆ ಬಾಗಿಲ ಕೆಲಸ. ನನ್ನ ಪ್ರಕಾರ ಇಂಥ ಹಬ್ಬದ ಅತಿ ಮುಖ್ಯ ಸ್ವಯಂಸೇವಕ ಬಾಗಿಲಲ್ಲಿ ಕೂತಿರೋನು. ಒಳಗೆ ಬರೋದಾ ಬೇಡ್ವಾ ಅಂತ ಗೇಟಿನ ಹತ್ತಿರ ಎರಡು ಸಲ ಸುತ್ತಿ ಹೋದವನನ್ನು ಗುರುತಿಸಿ ಬನ್ನಿ ಅನ್ನೋನು ಅವನೇ. ನಿಜವಾದ ಹೆಸರು ಕೊಡಲೇಬೇಕು ಅಂತ ಪೀಡಿಸಬಾರದು. ಕೇಳದೆ ಯಾರೂ ಫೋಟೋ ತೆಗೆಯದಂತೆ ನೋಡಿಕೊಳ್ಳಬೇಕು. ಒಂದು ಫೋಟೋದಿಂದ ಒಬ್ಬರ ಕೆಲಸ ಹೋಗಬಹುದು, ಒಬ್ಬಳ ಮದುವೆ ಅವಸರದಲ್ಲಿ ನಡೆದುಬಿಡಬಹುದು. ಕತ್ತಲೆಯಲ್ಲಿ ಸಿನಿಮಾ ಮುಗಿದು ಲೈಟ್ ಹಾಕಿದಾಗ ಸುತ್ತ ಇರೋ ನೂರು ಮುಖಗಳನ್ನು ನೋಡಿ, ಓ, ನಾನೊಬ್ಬನೇ ಅಲ್ಲ ಅಂತ ತಿಳಿಯೋ ಆ ಕ್ಷಣಕ್ಕೇ ಇಡೀ ಮೂರು ದಿನದ ಏರ್ಪಾಡು. ಸಿನಿಮಾಗಳನ್ನು ಈಗ ಮೊಬೈಲಿನಲ್ಲೂ ನೋಡಬಹುದು. ಲೈಟ್ ಹಾಕಿದಾಗ ಕಾಣೋ ಮುಖಗಳು ಮೊಬೈಲಿನಲ್ಲಿ ಸಿಗಲ್ಲ.

ಹಬ್ಬ ನಡೆಯುತ್ತಿದ್ದಾಗ ಕಾನೂನು ಮೇಲೆ ಕೆಳಗೆ ಆಯಿತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ನಾಜ್ ಫೌಂಡೇಶನ್ ಕೇಸಿನಲ್ಲಿ, ವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ 377 ಅನ್ವಯಿಸಲ್ಲ ಅಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಮತ್ತೆ ಅಪರಾಧ ಮಾಡಿತು. ಇವರು ತೀರಾ ಸಣ್ಣ ಸಂಖ್ಯೆಯ ಜನ ಅನ್ನೋ ಅರ್ಥದ ಮಾತು ಆ ತೀರ್ಪಿನಲ್ಲಿತ್ತು. ಇಲ್ಲಿ ಸ್ವಲ್ಪ ನಿಲ್ಲಿ. 2011ರ ಜನಗಣತಿಯಲ್ಲಿ ನಮ್ಮ ವಯನಾಡು ಜಿಲ್ಲೆಯ ಪರಿಶಿಷ್ಟ ಜಾತಿಯವರು ಶೇಕಡಾ 4ರಷ್ಟು. ಸಂಖ್ಯೆ ಕಡಿಮೆ ಅಂತ ಹಕ್ಕು ಕಡಿಮೆ ಆಗೋದಾದರೆ ನಾವು ಎಲ್ಲಿ ನಿಲ್ಲಬೇಕು? ಆ ತೀರ್ಪಿನ ನಂತರವೂ ಬೆಂಗಳೂರಿನ ಹಬ್ಬ ನಿಲ್ಲಲಿಲ್ಲ. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐದು ನ್ಯಾಯಾಧೀಶರ ಪೀಠ ನವ್‌ತೇಜ್ ಸಿಂಗ್ ಜೋಹರ್ ಕೇಸಿನಲ್ಲಿ ಒಪ್ಪಿಗೆಯ ಪ್ರೀತಿಯನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು.

2009ರ ತೀರ್ಪಿನಲ್ಲೂ 2018ರ ತೀರ್ಪಿನಲ್ಲೂ ಒಂದು ಪದ ಕಂಬದ ಹಾಗೆ ನಿಂತಿದೆ: ಸಾಂವಿಧಾನಿಕ ನೈತಿಕತೆ. ಜನರ ಸಾಮಾನ್ಯ ಅಭಿಪ್ರಾಯ ಏನೇ ಇರಲಿ, ಸರ್ಕಾರ ನಡೆಯಬೇಕಾದದ್ದು ಸಂವಿಧಾನದ ನೀತಿಯಂತೆ ಅಂತ ಅದರ ತಾತ್ಪರ್ಯ. ಇದು ಎಲ್ಲಿಂದ ಬಂತು? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಮಾಡಿದ ಭಾಷಣದಿಂದ. ಆ ನೈತಿಕತೆ ನಮ್ಮಲ್ಲಿ ಹುಟ್ಟಿನಿಂದ ಇಲ್ಲ, ಬೆಳೆಸಿಕೊಳ್ಳಬೇಕು ಅಂತ ಅವರು ಅಂದು ಹೇಳಿದ್ದನ್ನು ಅರುವತ್ತು ವರ್ಷದ ನಂತರ ಜಡ್ಜುಗಳು ತೆಗೆದು ಓದಿದರು.

ಇನ್ನೂ ಹಳೆಯ ಒಂದು ಸಂಗತಿ ಇದೆ. ಇದು ಗೊತ್ತಾದಾಗ ನನಗೆ ಎರಡು ದಿನ ತಲೆಯಿಂದ ಹೋಗಲಿಲ್ಲ. 1934ರಲ್ಲಿ ಮುಂಬಯಿಯಲ್ಲಿ ಆರ್.ಡಿ. ಕರ್ವೆ ಅನ್ನೋರು 'ಸಮಾಜ ಸ್ವಾಸ್ಥ್ಯ' ಅನ್ನೋ ಮರಾಠಿ ಪತ್ರಿಕೆ ನಡೆಸ್ತಿದ್ದರು. ಲೈಂಗಿಕ ವಿಷಯದಲ್ಲಿ ಓದುಗರು ಕೇಳೋ ಪ್ರಶ್ನೆಗಳಿಗೆ ವೈಜ್ಞಾನಿಕವಾಗಿ ಉತ್ತರ ಕೊಡ್ತಿದ್ದರು. ಆ ಪ್ರಶ್ನೆಗಳಲ್ಲಿ ಸಲಿಂಗ ಪ್ರೇಮದ ಬಗ್ಗೆಯೂ ಇತ್ತು. ಅಶ್ಲೀಲ ಅಂತ ಅವರ ಮೇಲೆ ಕೇಸ್ ಬಿತ್ತು. ಕೋರ್ಟಿನಲ್ಲಿ ಅವರ ಪರ ನಿಂತ ವಕೀಲರು ಯಾರು? ಡಾ. ಅಂಬೇಡ್ಕರ್. ದುಂಡು ಮೇಜಿನ ಪರಿಷತ್ತು, ಪೂನಾ ಒಪ್ಪಂದ ಎಲ್ಲ ಮುಗಿದು, ದೇಶದ ದೊಡ್ಡ ನಾಯಕರಾಗಿದ್ದ ಕಾಲ ಅದು. ಈ ಕೇಸು ತಗೊಂಡರೆ ಹೆಸರಿಗೆ ಮಸಿ ಅಂತ ಯಾರಾದರೂ ಹೆದರಬಹುದಿತ್ತು. ಬಾಬಾಸಾಹೇಬರು ಹ್ಯಾವ್ಲಾಕ್ ಎಲ್ಲಿಸ್ ಅನ್ನೋ ವಿಜ್ಞಾನಿಯ ಬರಹಗಳನ್ನು ಮುಂದಿಟ್ಟು ವಾದ ಮಾಡಿದರು. ಕೇಸು ಸೋತಿತು, ಕರ್ವೆಯವರಿಗೆ 200 ರೂಪಾಯಿ ದಂಡ ಬಿತ್ತು. ಈ ವಿಷಯ ನಮ್ಮದಲ್ಲ, ನಮ್ಮ ಹೋರಾಟ ಬೇರೆ ಅಂತ ಹೇಳೋ ನಮ್ಮ ಹಿರಿಯರ ಹತ್ತಿರ ನಾನು ವಿನಯದಿಂದ ಇಷ್ಟೇ ಕೇಳೋದು: 1934ರಲ್ಲಿ ಬಾಬಾಸಾಹೇಬರು ಹಾಗೆ ಹೇಳಿದರಾ?

ಹಾಗಂತ ಬೆಂಗಳೂರಿನ ಹಬ್ಬವನ್ನು ಬರೀ ಹೊಗಳಿ ಬಿಡೋಕಾಗಲ್ಲ. ಹೆಸರೇ ಇಂಗ್ಲಿಷ್. ನಡೆಯೋ ಜಾಗಗಳ ಪಕ್ಕದ ರಸ್ತೆಯಲ್ಲಿ ಒಂದು ಕಾಫಿಯ ಬೆಲೆ ಕೇಳಿದರೆ ನಮ್ಮ ಮನೆಯವರು ಬೆಚ್ಚಿಬೀಳ್ತಾರೆ. ಟಿಕೆಟ್ ಇಲ್ಲ ಅಂದ ಮಾತ್ರಕ್ಕೆ ಬಾಗಿಲು ಪೂರ್ತಿ ತೆರೆದಿದೆ ಅಂತ ಅರ್ಥವಲ್ಲ. ನೂಲ್ಪುಳದ ಹುಡುಗನೊಬ್ಬ ಅಲ್ಲಿಗೆ ಹೋಗಬೇಕು ಅಂದ್ರೆ ಮುತ್ತಂಗ ಚೆಕ್‌ಪೋಸ್ಟ್ ದಾಟಬೇಕು, ಬಂಡೀಪುರ ದಾಟಬೇಕು, ಗುಂಡ್ಲುಪೇಟೆ, ಮೈಸೂರು ದಾಟಬೇಕು. ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಕಾಡಿನ ರಸ್ತೆ ಬಂದ್. ಬಸ್ ಚಾರ್ಜು, ಉಳಿಯೋ ಜಾಗ, ಮನೆಯಲ್ಲಿ ಹೇಳೋಕೆ ಒಂದು ಸುಳ್ಳು. ಇಷ್ಟೆಲ್ಲ ಆಗಿ ಹಾಲಿನೊಳಗೆ ಹೋದ ಮೇಲೆ ಸುತ್ತಲಿನ ಮಾತು ಪೂರ್ತಿ ಇಂಗ್ಲಿಷಿನಲ್ಲಿದ್ದರೆ, ಲೈಟ್ ಹಾಕಿದಾಗ ಕಾಣೋ ಮುಖಗಳಲ್ಲಿ ತನ್ನ ಮುಖ ಸಿಗುತ್ತಾ? ಇಂಗ್ಲಿಷ್ ಬಲ್ಲ ಮಧ್ಯಮ ವರ್ಗದ ಗುಂಪು ಒಂದು ಕಡೆ, ಕನ್ನಡ ತಮಿಳು ಮಾತಾಡೋ ಬಡ ಹಿಜಡಾ, ಕೋತಿ ಸಮುದಾಯ ಇನ್ನೊಂದು ಕಡೆ, ಈ ಒಡಕಿನ ಬಗ್ಗೆ ಬೆಂಗಳೂರಿನ ಚಳವಳಿಯೊಳಗೇ ಮೊದಲಿನಿಂದ ಮಾತು ನಡೆದಿದೆ.

ಜಾತಿಯ ಮಾತನ್ನು ಎತ್ತಿದ್ದು ದಲಿತ ಕ್ವಿಯರ್ ಜನರೇ. 2015ರ ದೆಹಲಿ ಪ್ರೈಡ್‌ನಲ್ಲಿ ಕೆಲವು ಯುವಜನ ತಾವು ದಲಿತರು ಅಂತ ಬಹಿರಂಗವಾಗಿ ಹೇಳಿಕೊಂಡರು. ಪ್ರೇಮದ ಬಗ್ಗೆ ಬಾಯಿ ಬಿಟ್ಟವರು ಜಾತಿಯ ಬಗ್ಗೆ ಅಲ್ಲಿ ತನಕ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು ಅಂದರೆ ನೋಡಿ. ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ದಲಿತ ಟ್ರಾನ್ಸ್ ಹೆಣ್ಣು. 2007ರಲ್ಲಿ ಬಂದ ಅವರ ಆತ್ಮಕಥೆಯನ್ನು ಆಧರಿಸಿಯೇ ಬಿ.ಎಸ್. ಲಿಂಗದೇವರು ಕನ್ನಡದಲ್ಲಿ 'ನಾನು ಅವನಲ್ಲ ಅವಳು' ಮಾಡಿದ್ದು. ಅದರ ನಟನೆಗೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಆ ಒಳ್ಳೆಯ ನಟ 2021ರ ಜೂನಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದರು, ಮನೆಯವರು ಅವರ ಅಂಗಾಂಗ ದಾನ ಮಾಡಿದರು. ಎ. ರೇವತಿ ಅವರ ಆತ್ಮಕಥೆಯನ್ನು ದು. ಸರಸ್ವತಿ ಕನ್ನಡಕ್ಕೆ 'ಬದುಕು ಬಯಲು' ಅಂತ ತಂದರು, ಅದು ಕರ್ನಾಟಕದಲ್ಲಿ ನಾಟಕವೂ ಆಯಿತು. ಕನ್ನಡದಲ್ಲಿ ಈ ಕಥೆಗಳು ದಲಿತರ ಕೈ ಹಿಡಿದೇ ಬಂದಿವೆ ಅಂದರೆ ತಪ್ಪಾಗಲ್ಲ.

ನೀರಜ್ ಘೇವಾನ್ ಅವರ 'ಗೀಲಿ ಪುಚ್ಚಿ' 2021ರಲ್ಲಿ ಬಂದ ಚಿಕ್ಕ ಸಿನಿಮಾ. ನಿರ್ದೇಶಕರೇ ದಲಿತರು. ಕಾರ್ಖಾನೆಯಲ್ಲಿ ಮೆಷಿನ್ ಕೆಲಸ ಮಾಡುವ ದಲಿತ ಹೆಣ್ಣು ಭಾರತಿ, ಅವಳು ಬಯಸಿದ್ದ ಆಫೀಸ್ ಕೆಲಸಕ್ಕೆ ಬಂದು ಕೂರುವ ಬ್ರಾಹ್ಮಣ ಹುಡುಗಿ ಪ್ರಿಯಾ, ಇಬ್ಬರ ನಡುವೆ ಪ್ರೀತಿ. ಜಾತಿ ಗೊತ್ತಾಗೋ ತನಕ ಒಂದು ಥರ, ಗೊತ್ತಾದ ಮೇಲೆ ಇನ್ನೊಂದು ಥರ. ಆ ಮನೆಯಲ್ಲಿ ಎಲ್ಲರಿಗೂ ಕಪ್ಪಿನಲ್ಲಿ ಟೀ, ಭಾರತಿಗೆ ಸ್ಟೀಲ್ ಲೋಟದಲ್ಲಿ. ಎರಡು ಲೋಟದ ಅರ್ಥ ನಿಮಗೆ ನಾನು ಹೇಳಬೇಕಾಗಿಲ್ಲ. ಪ್ರೀತಿ ಬಂದರೆ ಜಾತಿ ಹೋಗುತ್ತೆ ಅನ್ನೋ ಸಿನಿಮಾ ಸುಳ್ಳನ್ನು ಆ ಲೋಟ ಒಡೆದು ಹಾಕುತ್ತೆ.

ಕಾನೂನಿನಲ್ಲೂ ಈ ಎರಡು ಲೋಟ ಇದೆ. 2014ರ ಏಪ್ರಿಲ್ 15ರಂದು, ಅಂದರೆ ಅಂಬೇಡ್ಕರ್ ಜಯಂತಿಯ ಮರುದಿನ, ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪಿನಲ್ಲಿ ಟ್ರಾನ್ಸ್ ಜನರ ಗುರುತನ್ನು ಒಪ್ಪಿತು, ಹಿಂದುಳಿದ ವರ್ಗವಾಗಿ ಮೀಸಲಾತಿ ಕೊಡಿ ಅಂದಿತು. ಕೇಳೋಕೆ ಚೆನ್ನಾಗಿದೆ. ಆದರೆ ದಲಿತ ಟ್ರಾನ್ಸ್ ಹೆಣ್ಣೊಬ್ಬಳು ಎಸ್.ಸಿ. ಆಗಿ ಅರ್ಜಿ ಹಾಕಬೇಕಾ, ಟ್ರಾನ್ಸ್ ಆಗಿ ಹಿಂದುಳಿದ ವರ್ಗದಲ್ಲಾ? ಗ್ರೇಸ್ ಬಾನು ಅನ್ನೋ ದಲಿತ ಟ್ರಾನ್ಸ್ ಹೋರಾಟಗಾರ್ತಿ ತಮಿಳುನಾಡಿನಲ್ಲಿ ಕೇಳ್ತಾ ಬಂದಿರೋದು ಇದನ್ನೇ: ಪ್ರತಿ ವರ್ಗದ ಒಳಗೂ ಟ್ರಾನ್ಸ್ ಜನಕ್ಕೆ ಪಾಲು ಇಡಿ ಅಂತ. ಇದನ್ನು ಸಮತಲ ಮೀಸಲಾತಿ ಅಂತಾರೆ. ಕರ್ನಾಟಕ 2021ರಲ್ಲಿ ಸರ್ಕಾರಿ ಕೆಲಸದಲ್ಲಿ ಎಲ್ಲ ವರ್ಗಗಳ ಒಳಗೂ ಶೇಕಡಾ 1 ಹೀಗೆ ಕೊಟ್ಟಿತು. ಪಿ.ಎಸ್.ಸಿ. ಪರೀಕ್ಷೆಗೆ ಓದ್ತಿರೋ ನಮ್ಮ ಗೆಳೆಯರು ಇದನ್ನು ನೋಟ್ ಮಾಡಿಕೊಳ್ಳಿ.

ಈಗ ಮುತ್ತಂಗ. ನಮ್ಮ ಪಂಚಾಯತಿಯ ಮುತ್ತಂಗದಲ್ಲಿ 2003ರ ಫೆಬ್ರವರಿ 19ರಂದು ಏನಾಯಿತು ಅಂತ ನಿಮ್ಮ ಮನೆಯ ದೊಡ್ಡವರಿಗೆ ಗೊತ್ತು. ಭೂಮಿ ಕೇಳಿ ಕಾಡಿನೊಳಗೆ ಗುಡಿಸಲು ಹಾಕಿದ್ದ ಆದಿವಾಸಿಗಳ ಮೇಲೆ ಪೊಲೀಸರು ನುಗ್ಗಿದರು, ಗುಂಡು ಹಾರಿತು. ಜೋಗಿ ಅನ್ನೋ ಆದಿವಾಸಿ ಸತ್ತರು, ಒಬ್ಬ ಪೊಲೀಸ್ ಸತ್ತರು. ಸಿ.ಕೆ. ಜಾನು, ಎಂ. ಗೀತಾನಂದನ್ ಮುಂದಾಳತ್ವದ ಆದಿವಾಸಿ ಗೋತ್ರ ಮಹಾಸಭಾದ ಆ ಹೋರಾಟದ ನೆನಪು, ಚೆಂಗರದ ದಲಿತರ ಭೂ ಹೋರಾಟದ ನೆನಪು, ಇವೆರಡನ್ನೂ ಹೊತ್ತ ಒಂದು ಸಿನಿಮಾ ಬಂತು: ಜಯನ್ ಚೆರಿಯನ್ ಅವರ 'ಪಾಪಿಲಿಯೊ ಬುದ್ಧ'. ನಮ್ಮ ಕಾಡುಗಳಲ್ಲಿ ಸಿಗೋ ಒಂದು ಚಿಟ್ಟೆಯ ಹೆಸರು ಅದು, ಈಗ ಕೇರಳದ ರಾಜ್ಯ ಚಿಟ್ಟೆ. ಕಾಂಡ್ಲಾ ಕಾಡು ಬೆಳೆಸಿದ ಕಣ್ಣೂರಿನ ಕಲ್ಲೇನ್ ಪೊಕ್ಕುಡನ್ ಅದರಲ್ಲಿ ನಟಿಸಿದರು. ವಯನಾಡಿನಲ್ಲೇ ಶೂಟಿಂಗ್ ಆಯಿತು.

ಆ ಸಿನಿಮಾದ ನಾಯಕ ಶಂಕರನ್, ಭೂಮಿಯಿಲ್ಲದ ದಲಿತ ಯುವಕ. ಚಿಟ್ಟೆ ಹುಡುಕಿಕೊಂಡು ಬಂದ ಅಮೆರಿಕದ ಗಂಡಸಿನ ಜೊತೆ ಅವನಿಗೆ ಸಂಬಂಧ ಇದೆ. ಭೂಮಿ ಹೋರಾಟದ ಸಿನಿಮಾದಲ್ಲಿ ಇದು ಯಾಕೆ ಅಂತ ಕೆಲವರು ಕೇಳ್ತಾರೆ. ಭೂಮಿ ಇಲ್ಲದವನಿಗೆ ಮೈ ಇರಲ್ವಾ? 2012ರಲ್ಲಿ ಸೆನ್ಸಾರ್ ಮಂಡಳಿ ಸರ್ಟಿಫಿಕೇಟ್ ಕೊಡಲಿಲ್ಲ. ಗಾಂಧಿಯ ಬಗೆಗಿನ ದೃಶ್ಯ, ಮಾತುಗಳಿಗೆ ಮುಖ್ಯ ಆಕ್ಷೇಪ. ಬದಲಾವಣೆ ಮಾಡಿದ ಮೇಲೆ 2013ರಲ್ಲಿ ಬಿಡುಗಡೆಯಾಯಿತು. ಅದೇ 2013ರಲ್ಲಿ ಲಂಡನ್ನಿನ ಲೆಸ್ಬಿಯನ್ ಆಂಡ್ ಗೇ ಫಿಲ್ಮ್ ಫೆಸ್ಟಿವಲ್ ಅದನ್ನು ಆರಿಸಿ ತೋರಿಸಿತು. ಇಲ್ಲಿ ಬಾಗಿಲು ಮುಚ್ಚಿಸಿಕೊಂಡ ನಮ್ಮ ಭೂಮಿಯ ಕಥೆಗೆ ಅಲ್ಲಿ ಕುರ್ಚಿ ಕೊಟ್ಟವರು ಇದೇ ಜನ. ನಾನು ಹೇಳಿದ ಎರಡನೇ ಸಂಬಂಧ ಇದು.

ಇದರ ನಂತರ ಕೇರಳದಲ್ಲಿ ಕಾಲ ಬೇಗ ಓಡಿದೆ. 2010ರಲ್ಲೇ ತ್ರಿಶೂರಿನಲ್ಲಿ ಪ್ರೈಡ್ ನಡೆದಿತ್ತು. 2015ರಲ್ಲಿ ಟ್ರಾನ್ಸ್‌ಜೆಂಡರ್ ನೀತಿ ತಂದ ಮೊದಲ ರಾಜ್ಯ ನಮ್ಮದು. 2004ರಲ್ಲಿ ಲಿಜಿ ಪುಲ್ಲಪ್ಪಳ್ಳಿ 'ಸಂಚಾರಂ' ಮಾಡಿದಾಗ ಇಬ್ಬರು ಹುಡುಗಿಯರ ಪ್ರೇಮಕ್ಕೆ ಚಿತ್ರೋತ್ಸವಗಳೇ ಗತಿಯಾಗಿದ್ದವು. 2023ರ ನವೆಂಬರಿನಲ್ಲಿ ಜಿಯೋ ಬೇಬಿಯವರ 'ಕಾದಲ್' ಬಂದಾಗ ಮಮ್ಮೂಟಿ ತಾವೇ ನಿರ್ಮಿಸಿ, ಸಲಿಂಗಿಯಾದ ಮ್ಯಾಥ್ಯೂ ದೇವಸ್ಸಿಯ ಪಾತ್ರ ಮಾಡಿದರು. ಅವನು ಪಂಚಾಯತಿ ಉಪಚುನಾವಣೆಗೆ ನಿಲ್ಲುತ್ತಾನೆ! ನಮ್ಮೂರಿನ ಗೋಡೆ ಬರಹ, ಜೀಪ್ ಮೈಕು ಎಲ್ಲ ಅದರಲ್ಲಿದೆ. ಕುಟುಂಬ ಸಮೇತ ಜನ ಥಿಯೇಟರಿಗೆ ಹೋಗಿ ನೋಡಿದರು.

ಆದರೂ ಒಂದು ಮಾತು. ಮಮ್ಮೂಟಿ ಮಾಡಿದರೆ ಚಪ್ಪಾಳೆ ಹೊಡೆಯೋ ನಾವೇ ವಾಲಿಬಾಲ್ ಗ್ರೌಂಡಿನಲ್ಲಿ ಮೆಲ್ಲಗೆ ನಡೆಯೋ ಹುಡುಗನಿಗೆ ಇಟ್ಟಿರೋ ಅಡ್ಡ ಹೆಸರು ಏನು? ಅದನ್ನು ಇಲ್ಲಿ ಬರೆಯಲ್ಲ, ನಿಮಗೆಲ್ಲ ಗೊತ್ತು. ನಮ್ಮ ಕಾಲೋನಿಗಳಿಂದ ಕೊಚ್ಚಿಗೋ ಬೆಂಗಳೂರಿಗೋ ಕೆಲಸಕ್ಕೆ ಅಂತ ಹೋಗಿ ಓಣಂಗೂ ವಿಷುವಿಗೂ ವಾಪಸ್ ಬರದವರು ಇದ್ದಾರೆ. ಎಲ್ಲರೂ ದುಡ್ಡಿನ ಕಾರಣಕ್ಕೇ ದೂರ ಇದ್ದಾರೆ ಅಂತ ನಾವು ಹೇಳಿಕೊಳ್ತೀವಿ. ಜಾತಿಯ ಕಾರಣಕ್ಕೆ ಊರಿನವರು ನಮ್ಮನ್ನು ಹೊರಗೆ ಇಟ್ಟರು, ಸರಿ. ನಮ್ಮ ಹುಡುಗನನ್ನು ನಮ್ಮ ಸಂಘದ ಜಗಲಿಯಿಂದ ಹೊರಗೆ ಇಟ್ಟವರು ಯಾರು?

ಅದಕ್ಕೇ ಕಾರ್ಯದರ್ಶಿಗಳಿಗೂ ಸದಸ್ಯರಿಗೂ ಒಂದು ಬೇಡಿಕೆ ಇಡ್ತಿದ್ದೀನಿ. ಈ ವರ್ಷ ವಾರ್ಷಿಕೋತ್ಸವದ ನಂತರ, ಮಳೆ ಹಿಡಿಯೋ ಮೊದಲು, ಸಂಘದ ಕೋಣೆಯಲ್ಲಿ ಎರಡು ಸಂಜೆ ಸಿನಿಮಾ ಹಾಕೋಣ. ಪ್ರೊಜೆಕ್ಟರ್ ಬತ್ತೇರಿಯಿಂದ ಬಾಡಿಗೆಗೆ ಸಿಗುತ್ತೆ, ಪರದೆಗೆ ಬಿಳಿ ಮುಂಡು ಎರಡು ಜೋಡಿಸಿ ಹೊಲಿದರೆ ಸಾಕು. ಮೊದಲ ದಿನ 'ಪಾಪಿಲಿಯೊ ಬುದ್ಧ', ಯಾಕಂದ್ರೆ ಅದು ನಮ್ಮ ಮಣ್ಣು, ದೊಡ್ಡವರೂ ಬರ್ತಾರೆ. ಎರಡನೇ ದಿನ 'ನಾನು ಅವನಲ್ಲ ಅವಳು', ಅದು ನಮ್ಮ ಭಾಷೆ, ನಮ್ಮ ಅಮ್ಮಂದಿರಿಗೂ ಅಜ್ಜಿಯರಿಗೂ ಸಬ್‌ಟೈಟಲ್ ಇಲ್ಲದೆ ಅರ್ಥ ಆಗುತ್ತೆ. ತೋರಿಸೋಕೆ ಹಕ್ಕುದಾರರ ಒಪ್ಪಿಗೆ ಕೇಳಿ ಪತ್ರ ಬರೆಯೋ ಕೆಲಸ ನಾನು ಮಾಡ್ತೀನಿ. ಟೀ ಎಲ್ಲರಿಗೂ ಒಂದೇ ಥರದ ಲೋಟದಲ್ಲಿ. ಫೋಟೋ ಯಾರೂ ತೆಗೆಯಬಾರದು. ಬಾಗಿಲ ಹತ್ತಿರ ಒಂದು ಬೆಂಚು ಖಾಲಿ ಬಿಡೋಣ, ತಡವಾಗಿ ಬಂದು ಕತ್ತಲೆಯಲ್ಲಿ ಕೂತು ನೋಡಬೇಕು ಅನ್ನೋರಿಗೆ. ಬಾಗಿಲಲ್ಲಿ ಯಾರು ನಿಲ್ತೀರಿ ಅಂತ ಮುಂದಿನ ಭಾನುವಾರದ ಮೀಟಿಂಗಿನಲ್ಲಿ ಹೆಸರು ಕೊಡಿ. ಇಬ್ಬರು ಬೇಕು.